ಬಿಸಿಲೂರಿನಲ್ಲಿ ಉಲ್ಲನ್ ಚೌಕ

"ಬಳ್ಳಾರಿಯಲ್ಲಿ ಕುಳಿತು ಉಲ್ಲನ್ ಹೆಣೆಯುತ್ತೀಯಲ್ಲ ಯವ್ವಾ, ನಿನಗೇನಾಗಿದೆ?" ಎಂದು ಪಕ್ಕದ ಮನೆಯ ಅಜ್ಜಿ ಕೇಳುತ್ತಲೇ ಇರುತ್ತಾರೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರು, ಪ್ರಶ್ನೆ ನ್ಯಾಯವಾದದ್ದೇ. ಆದರೆ ತೂಕ ಕಡಿಮೆ ಇರುವ ಹಸುಗೂಸಿಗೆ ತನ್ನ ಮೈಬಿಸಿ ಕಾಯ್ದುಕೊಳ್ಳುವುದು ಕಷ್ಟ. ಬಿಸಿಲೂರಾದರೂ ಹೊದಿಕೆ ಬೇಕು. ನಾವು ಕೆಲವು ಗೆಳತಿಯರು ಉಳಿದ ಉಲ್ಲನ್ನಿನಿಂದ 6 ಇಂಚಿನ ಚೌಕಗಳನ್ನು ಹೆಣೆದು, ಜೋಡಿಸಿ ಆಸ್ಪತ್ರೆಗೆ ಕೊಡುತ್ತೇವೆ. 48 ಚೌಕ ಸೇರಿದರೆ ಮೂರಡಿ ಅಗಲ, ನಾಲ್ಕಡಿ ಉದ್ದ.

ಉಳಿದ ನೂಲಿನ ಗೋಳೆಂದರೆ ಒಂದು ದಪ್ಪ, ಇನ್ನೊಂದು ಸಣ್ಣ. ಅದಕ್ಕೆ ನಾನು ಮೂಲೆಯಿಂದ ಶುರು ಮಾಡುತ್ತೇನೆ: ಎರಡೇ ಕುಣಿಕೆ ಹಾಕಿ, ಸಾಲಿಗೊಂದು ಏರಿಸುತ್ತ ಹೋಗಿ, ಅಂಚು 6 ಇಂಚು ಮುಟ್ಟಿದ ಕೂಡಲೇ ಸಾಲಿಗೊಂದು ಇಳಿಸುವುದು. ಕುಣಿಕೆಯ ಲೆಕ್ಕವೇ ಬೇಡ. ಕುರಿಯ ಉಣ್ಣೆಯನ್ನೂ ಅಕ್ರಿಲಿಕ್ ಎಂಬ ಕೃತಕ ನೂಲನ್ನೂ ಒಂದೇ ಹೊದಿಕೆಯಲ್ಲಿ ಬೆರೆಸುವುದಿಲ್ಲ. ಬಿಸಿನೀರು ಬಿದ್ದರೆ ಉಣ್ಣೆ ಕುಗ್ಗುತ್ತದೆ, ಅಕ್ರಿಲಿಕ್ ಜಪ್ಪಯ್ಯ ಎಂದರೂ ಕುಗ್ಗುವುದಿಲ್ಲ. ತೂತು ತೂತಿನ ವಿನ್ಯಾಸ ನೋಡಲು ಚಂದ, ಕೂಸಿನ ಬೆರಳು ಮಾತ್ರ ಅದರಲ್ಲಿ ಸಿಕ್ಕಿಕೊಳ್ಳುತ್ತದೆ.

ಇಷ್ಟೆಲ್ಲ ಕೇಳಿ ಅಜ್ಜಿ, "ಹಾಗಾದರೆ ಇದು ಕೌದಿಯೇ ಬಿಡು" ಎಂದರು. ಪೂರ್ತಿ ಒಪ್ಪಲಾರೆ. ಕೌದಿಯಲ್ಲಿ ಹಳೆ ಸೀರೆಗಳ ಪದರವಿರುತ್ತದೆ, ಅದರ ಸುತ್ತ ನಾಲ್ಕು ಜನ ಕುಳಿತು ಊರ ಸುದ್ದಿಯನ್ನೆಲ್ಲ ಹೊಲಿಯುತ್ತಾರೆ. ನಾವೋ, ನಮ್ಮ ನಮ್ಮ ಫ್ಯಾನಿನ ಕೆಳಗೆ ಒಬ್ಬೊಬ್ಬರೇ.

ಮನೆಯಲ್ಲಿ ಅಕ್ರಿಲಿಕ್ ಉಂಡೆಗಳು ಉಳಿದಿದ್ದರೆ ಕೊಡಿ. ಕಪ್ಪು ಬೇಡ, ಕೂಸಿಗೆ ಹೊದಿಸಲು ಹಿರಿಯರು ಒಪ್ಪುವುದಿಲ್ಲ.