ಐಸ್ ರಾಶಿ ಇತ್ತಲ್ಲ

ಈ ವಾರ ಗೋವಾದ ಮಾಲಿಮ್ ಜೆಟ್ಟಿಗೆ ಟ್ರಾಲ್ ಬೋಟೊಂದು ಹೊತ್ತಲ್ಲದ ಹೊತ್ತಿನಲ್ಲಿ ವಾಪಸು ಬಂತು. ಹಾವೇರಿ ಕಡೆಯ ಖಲಾಸಿ ಹುಡುಗ ಎಡಗೈಗೆ ಟವೆಲು ಸುತ್ತಿಕೊಂಡು ಇಳಿದ. ಹಿಂದೆ ಬೋಟು ನಡೆಸುವ ಅಂಕೋಲೆಯ ತಾಂಡೇಲ, ಕೈಯಲ್ಲಿ ಥರ್ಮಾಕೋಲ್ ಡಬ್ಬಿ. ಡಬ್ಬಿಯ ತುಂಬ ಪುಡಿ ಐಸು, ಐಸಿನ ನಡುವೆ ಹುಡುಗನ ತೋರುಬೆರಳು. ಬಲೆ ಎಳೆಯುವ ವಿಂಚಿನ ಡ್ರಮ್ಮಿಗೂ ವಯರ್ ರೋಪಿಗೂ ನಡುವೆ ಸಿಕ್ಕಿ ಎರಡನೇ ಗೆಣ್ಣಿನಲ್ಲಿ ತುಂಡಾಗಿತ್ತು.

"ಬೆರಳಿಗೆ ಏನೂ ಸುತ್ತಲಿಲ್ವಾ?"

"ಸುತ್ತೂದೆಂತಕೆ ಮಾರಾಯ್ರೇ, ಐಸ್ ರಾಶಿ ಇತ್ತಲ್ಲ," ಎಂದ ತಾಂಡೇಲ.

ಈ ಮಾತು ಅಂದಿನಿಂದ ಕಿವಿಯಲ್ಲೇ ಇದೆ. ಅದರಲ್ಲಿ ಅಸಡ್ಡೆ ಒಂದಿಷ್ಟೂ ಇರಲಿಲ್ಲ. ಆ ಮನುಷ್ಯ ಅರ್ಧಕ್ಕೇ ಬಲೆ ಎಳೆದು, ಆ ಟ್ರಿಪ್ಪಿನ ಡೀಸೆಲ್ ಖರ್ಚನ್ನೂ ಲೆಕ್ಕಿಸದೆ ಬೋಟು ತಿರುಗಿಸಿದವನು. ಎಲ್ಲ ತಾಂಡೇಲರೂ ಅಷ್ಟು ಮಾಡುವುದಿಲ್ಲ. ಮೀನು ಕೆಡದಂತೆ ಇಡುವ ವಿದ್ಯೆ ಅವನಿಗೆ ಗೊತ್ತಿತ್ತು, ಬೆರಳಿಗೂ ಅದನ್ನೇ ಮಾಡಿದ. ಬೆರಳು ಕೂಡಲಿಲ್ಲ.

ವಿಂಚು ಕತ್ತರಿಸುವುದಿಲ್ಲ, ಜಜ್ಜುತ್ತದೆ. ಜಜ್ಜಿದ ಬೆರಳಿನ ರಕ್ತನಾಳಗಳನ್ನು ಮತ್ತೆ ಜೋಡಿಸುವುದು ಹರಿತವಾದ ಕತ್ತಿಯ ಗಾಯಕ್ಕಿಂತ ಬಹಳ ಕಷ್ಟ. ಸರಿಯಾಗಿ ತಂದಿದ್ದರೂ ಕೂಡುತ್ತಿತ್ತೆಂದು ಯಾರೂ ಖಾತ್ರಿ ಕೊಡಲಾರರು. ಆದರೆ ಇದ್ದ ಅವಕಾಶವನ್ನು ಆ ಐಸು ಕಸಿದುಕೊಂಡಿತು. ಐಸು ನೇರವಾಗಿ ತಾಗಿದ ಚರ್ಮ, ಮಾಂಸದೊಳಗಿನ ನೀರು ಹೆಪ್ಪುಗಟ್ಟಿ ಜೀವಕೋಶ ಒಡೆಯುತ್ತದೆ. ಬೋಟಿನ ಐಸಿಗೆ ಉಪ್ಪುನೀರು ಸೇರಿರುತ್ತದೆ, ಉಪ್ಪು ಸೇರಿದ ಐಸು ಸೊನ್ನೆ ಡಿಗ್ರಿಗಿಂತಲೂ ಕೆಳಗಿಳಿಯುತ್ತದೆ. ಕರಗಿದ ನೀರಿನಲ್ಲಿ ಬೆರಳು ತೇಲುತ್ತಿದ್ದರೆ ಅದು ನೀರು ಕುಡಿದು ಊದಿಕೊಂಡು ಹಾಳಾಗುವುದು ಬೇರೆ.

ಮಾಡಬೇಕಾದದ್ದು ಇಷ್ಟು. ಬೆರಳಿಗೆ ಕೊಳೆ ಮೆತ್ತಿದ್ದರೆ ಕುಡಿಯುವ ನೀರಿನಲ್ಲಿ ಒಮ್ಮೆ ತೊಳೆಯಬೇಕು, ಉಜ್ಜಬಾರದು, ಡೆಟಾಲ್ ಹಾಕಬಾರದು. ಶುದ್ಧ ಬಟ್ಟೆಯನ್ನೋ ಗಾಜ್ ಪಟ್ಟಿಯನ್ನೋ ಸಿಹಿನೀರಿನಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಅದರಲ್ಲಿ ಸುತ್ತಬೇಕು. ಸುತ್ತಿದ್ದನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ನೀರು ನುಗ್ಗದಂತೆ ಬಾಯಿ ಬಿಗಿಯಬೇಕು. ಆ ಚೀಲವನ್ನು ಐಸು, ನೀರು ಎರಡೂ ಇರುವ ಇನ್ನೊಂದು ಚೀಲದಲ್ಲೋ ಡಬ್ಬಿಯಲ್ಲೋ ಇಡಬೇಕು. ತಂಪು ತಾಗಲಿ, ಐಸು ತಾಗದಿರಲಿ. ಹೊತ್ತು ಬರೆದಿಡಬೇಕು. ಬೆರಳಿನಲ್ಲಿ ಸ್ನಾಯು ಇಲ್ಲದ್ದರಿಂದ ಹೀಗೆ ಇಟ್ಟರೆ ಅರ್ಧ ದಿನ ಮೀರಿಯೂ ತಡೆಯುತ್ತದೆ. ತೋಳು ಹೋದರೆ ಅಷ್ಟು ಸಮಯ ಇಲ್ಲ. ಇದಕ್ಕೆಲ್ಲ ಬೇಕಾದ ಒಂದೊಂದು ವಸ್ತುವೂ ಆ ಬೋಟಿನಲ್ಲಿತ್ತು.

ಹುಡುಗನ ಕೈಯ ಕಥೆ ಇನ್ನೊಂದು. ಮೊಂಡು ಬೆರಳಿಗೆ ಚಹಾಪುಡಿ ಒತ್ತಿ, ಬಲೆ ಹೆಣೆಯುವ ನೈಲಾನ್ ದಾರದಲ್ಲಿ ಬಿಗಿದಿದ್ದರು. ಪುಡಿಯನ್ನು ಆಸ್ಪತ್ರೆಯಲ್ಲಿ ಕೆರೆದು ತೆಗೆಯಬೇಕಾಗುತ್ತದೆ. ಸಪೂರ ದಾರ ರಕ್ತ ನಿಲ್ಲಿಸುವುದಕ್ಕಿಂತ ಹೆಚ್ಚಾಗಿ ಉಳಿದ ಚರ್ಮ, ನರಗಳನ್ನು ಕೊಯ್ಯುತ್ತದೆ. ಬೆರಳಿನ ರಕ್ತಕ್ಕೆ ದಾರ ಬೇಕಿಲ್ಲ. ಮಡಿಸಿದ ಬಟ್ಟೆ ಇಟ್ಟು ಹತ್ತು ನಿಮಿಷ ಬಿಡದೆ ಒತ್ತಿ, ಕೈಯನ್ನು ಎದೆಗಿಂತ ಎತ್ತರಕ್ಕೆ ಹಿಡಿದರೆ ಸಾಮಾನ್ಯವಾಗಿ ನಿಲ್ಲುತ್ತದೆ. ನಡುವೆ ಎತ್ತಿ ಎತ್ತಿ ನೋಡುವುದರಿಂದಲೇ ನಿಲ್ಲುವುದಿಲ್ಲ. ಬಟ್ಟೆ ನೆನೆದರೆ ಮೇಲೆ ಇನ್ನೊಂದು ಇಟ್ಟು ಇನ್ನಷ್ಟು ಬಲವಾಗಿ ಒತ್ತಬೇಕು. ತೋಳಿನಿಂದಲೋ ತೊಡೆಯಿಂದಲೋ ರಕ್ತ ಚಿಮ್ಮುತ್ತಿದ್ದು ಒತ್ತಿದರೂ ನಿಲ್ಲದಿದ್ದರೆ ಮಾತ್ರ ಬಿಗಿಕಟ್ಟು. ನಾಲ್ಕು ಬೆರಳು ಅಗಲದ ಬಟ್ಟೆ, ಗಾಯಕ್ಕಿಂತ ಎರಡು ಮೂರು ಇಂಚು ಮೇಲೆ, ಕೀಲಿನ ಮೇಲಲ್ಲ. ಒಂದು ಕೋಲು ಸಿಕ್ಕಿಸಿ ರಕ್ತ ನಿಲ್ಲುವ ತನಕ ತಿರುಚಬೇಕು, ಕಟ್ಟಿದ ಹೊತ್ತು ಬರೆಯಬೇಕು, ಡಾಕ್ಟರ ಎದುರು ಹೋಗುವ ತನಕ ಸಡಿಲಿಸಬಾರದು.

ಬೋಟಿನಲ್ಲಿ ಫಸ್ಟ್ ಏಡ್ ಪೆಟ್ಟಿಗೆಯೂ ಇತ್ತು. ಕ್ಯಾಬಿನ್ನಿನೊಳಗೆ, ಬೀಗ ಹಾಕಿ. ಕೀಲಿ ದಡದಲ್ಲಿದ್ದ ಮಾಲೀಕರ ಹತ್ತಿರ. ಖಲಾಸಿಗಳು ಮಾತ್ರೆ, ಬ್ಯಾಂಡೇಜು ಖಾಲಿ ಮಾಡುತ್ತಾರೆಂದು ಅವರ ದೂರು. ಮಾಲೀಕರು ಕೆಟ್ಟವರೇನಲ್ಲ, ಅಂದು ಆಸ್ಪತ್ರೆಯ ಬಾಗಿಲಲ್ಲಿ ರಾತ್ರಿ ತನಕ ನಿಂತಿದ್ದರು. ಆದರೆ ಗಾಜ್ ಪಟ್ಟಿ ಖಾಲಿಯಾಗುತ್ತಿದೆ ಎಂದರೆ ಗಾಯ ಆಗುತ್ತಿದೆ ಎಂದರ್ಥ. ಅದನ್ನು ಕಳವು ಎಂದು ಎಣಿಸುವುದು ನನಗೆ ಒಪ್ಪಿಗೆಯಿಲ್ಲ.

"ಐಸ್ ರಾಶಿ ಇತ್ತಲ್ಲ" ಎನ್ನುವಾಗ ಆ ಐಸು ಇರುವ ಜಾಗವೂ ನೆನಪಾಗುತ್ತದೆ. ಬೋಟಿನಲ್ಲಿ ವಿಂಚಿಗಿಂತ ಹೆದರಬೇಕಾದದ್ದು ಮೀನು ತುಂಬುವ ಆ ಖೋಲಿಗೆ. ಐಸು ಕರಗಿ, ತಳದಲ್ಲಿ ಮೀನು ಕೊಳೆತು, ಮುಚ್ಚಳ ದಿನಗಟ್ಟಲೆ ಮುಚ್ಚಿದ್ದರೆ ಒಳಗೆ ಹೈಡ್ರೋಜನ್ ಸಲ್ಫೈಡ್ ತುಂಬುತ್ತದೆ, ಆಮ್ಲಜನಕ ಇಳಿದಿರುತ್ತದೆ. ಕೊಳೆತ ಮೊಟ್ಟೆಯ ವಾಸನೆ ಮೊದಲು ಬರುತ್ತದೆ. ಅನಿಲ ಹೆಚ್ಚಾದಾಗ ಮೂಗು ವಾಸನೆ ಹಿಡಿಯುವುದನ್ನೇ ನಿಲ್ಲಿಸುತ್ತದೆ. ವಾಸನೆ ಹೋಯಿತು, ಇನ್ನು ಇಳಿಯಬಹುದು ಎಂದುಕೊಂಡವನು ಎರಡು ಉಸಿರಿಗೆ ಬೀಳುತ್ತಾನೆ. ಅವನನ್ನು ಎತ್ತಲು ತಮ್ಮ ಹಾರುತ್ತಾನೆ, ತಮ್ಮನ ಹಿಂದೆ ಇನ್ನೊಬ್ಬ. ಇಂಥ ಅಪಘಾತದಲ್ಲಿ ಒಬ್ಬನ ಹಿಂದೊಬ್ಬ ಸಾಯುವುದು ಇದರಿಂದಲೇ. ಒದ್ದೆ ಬಟ್ಟೆ ಮೂಗಿಗೆ ಕಟ್ಟಿದರೆ ಏನೂ ಆಗುವುದಿಲ್ಲ. ಎಲ್ಲ ಮುಚ್ಚಳ ತೆರೆದು, ತಳದ ನೀರನ್ನು ಮೇಲಿನಿಂದಲೇ ಪಂಪಿನಲ್ಲಿ ಹೊರಹಾಕಿ, ಬ್ಲೋವರ್ ಇಟ್ಟು ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ಗಾಳಿ ಆಡಿಸಬೇಕು. ಆಮೇಲೂ ಇಳಿಯುವವನ ಎದೆಗೆ ಹಗ್ಗ, ಹಗ್ಗದ ತುದಿ ಮೇಲೆ ಇಬ್ಬರ ಕೈಯಲ್ಲಿ. ಬಿದ್ದರೆ ಹಗ್ಗ ಎಳೆಯುವುದು, ಯಾರೂ ಹಾರುವುದಲ್ಲ.

ಬಲೆ ಸುರಿದು ಮೀನು ಆರಿಸುವಾಗಿನ ಪೆಟ್ಟುಗಳಲ್ಲೂ ತಿಳಿದವರ ಮಾತೇ ದಾರಿ ತಪ್ಪಿಸುತ್ತದೆ. ತೊರಕೆ ಮೀನಿನ ಬಾಲದ ಮುಳ್ಳು ಚುಚ್ಚಿದರೆ ಐಸು ಅಲ್ಲ, ಬಿಸಿನೀರು. ಸುಮಾರು 45 ಡಿಗ್ರಿ, ಅಂದರೆ ಪೆಟ್ಟಾಗದ ಕೈ ತಾಳುವಷ್ಟು ಬಿಸಿ. ನೋವಿನ ಕೈಗೆ ಬಿಸಿ ತಿಳಿಯುವುದಿಲ್ಲವಾದ್ದರಿಂದ ಅದರಲ್ಲಿ ಪರೀಕ್ಷಿಸಿದರೆ ಸುಟ್ಟುಕೊಳ್ಳುತ್ತಾರೆ. ಅರ್ಧ ಗಂಟೆಯಿಂದ ಒಂದೂವರೆ ಗಂಟೆ, ನೀರು ಬದಲಿಸುತ್ತ. ಮುಳ್ಳು ಎದೆಗೋ ಹೊಟ್ಟೆಗೋ ನಾಟಿದ್ದರೆ ಕೀಳಬಾರದು.

ಕಡಲ ಹಾವು ಕಚ್ಚಿದ್ದು ಎಷ್ಟೋ ಸಲ ನೋಯುವುದೇ ಇಲ್ಲ. ಮುಳ್ಳು ತಾಗಿತೆಂದು ಕೆಲಸ ಮುಂದುವರಿಸುತ್ತಾರೆ. ಅರ್ಧ ಗಂಟೆಗೋ ಕೆಲವು ಗಂಟೆಗೋ ಮೈಕೈ ನೋವು, ಬಿಗಿತ, ಜೋಲುವ ರೆಪ್ಪೆ, ಕಾಫಿ ಬಣ್ಣದ ಮೂತ್ರ. ನಮ್ಮ ದೇಶದಲ್ಲಿ ಸಿಗುವ ಹಾವಿನ ವಿಷದ ಇಂಜೆಕ್ಷನ್ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ತಯಾರಾದದ್ದು, ಕಡಲ ಹಾವಿಗಲ್ಲ. ಆದ್ದರಿಂದ ಹತ್ತಿರದ ಸಣ್ಣ ದವಾಖಾನೆಗಿಂತ ವೆಂಟಿಲೇಟರ್ ಇರುವ ಆಸ್ಪತ್ರೆಯೇ ಬೇಕು. ಕಚ್ಚಿದ ಕೈಗೆ ಹಲಗೆ ಕಟ್ಟಿ ಅಲುಗಾಡದಂತೆ ಮಲಗಿಸಬೇಕು. ಕೊಯ್ಯುವುದು, ಚೀಪುವುದು, ಬಿಗಿಯುವುದು ಯಾವುದೂ ಬೇಡ.

2024ರಲ್ಲಿ ದಕ್ಷಿಣ ಗೋವಾದ ಕುಟ್ಬಣ ಜೆಟ್ಟಿಯ ಬೋಟು ಕಾರ್ಮಿಕರಲ್ಲಿ ಕಾಲರಾ ಹಬ್ಬಿ ಜೀವಗಳು ಹೋದವು. ಭೇದಿ ಹತ್ತಿದವನಿಗೆ ಬೋಟಿನಲ್ಲಿ ಸಿಗುವುದು ಕಡು ಸಿಹಿ ಚಹಾ. ಅತಿಯಾದ ಸಕ್ಕರೆ ಭೇದಿಯನ್ನು ಹೆಚ್ಚಿಸುತ್ತದೆ. 21 ಗ್ರಾಂ ಓಆರ್‌ಎಸ್ ಪೊಟ್ಟಣಕ್ಕೆ ಪೂರಾ 1 ಲೀಟರ್ ನೀರು ಬೇಕು. ಅರ್ಧ ಲೀಟರ್ ಬಾಟಲಿಗೆ ಸುರಿದರೆ ಉಪ್ಪು ಇಮ್ಮಡಿಯಾಗಿ ತೊಂದರೆ. ಪೊಟ್ಟಣ ಇಲ್ಲದಿದ್ದರೆ 1 ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸವಾದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಗುಟುಕು ಗುಟುಕಾಗಿ ಮತ್ತೆ ಶುರು.

ಆ ಹಾವೇರಿಯ ಹುಡುಗನಂಥವರು ಬೋಟು ಹತ್ತುವ ಮೊದಲು ಸಮುದ್ರ ನೋಡಿದವರಲ್ಲ. ಪಕ್ಕದಲ್ಲಿ ದುಡಿಯುವವನು ಒಡಿಶಾದವನು, ಇನ್ನೊಬ್ಬ ಝಾರ್ಖಂಡದವನು. ಅಂಕೋಲೆಯ ಕನ್ನಡವೇ ಹಾವೇರಿಯವನಿಗೆ ಅರ್ಧ ತಿಳಿಯುತ್ತದೆ. ಆಗಸ್ಟಿನಲ್ಲಿ ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಹೊರಡುವಾಗ ಇಂಜಿನ್ನಿಗೆ, ಬಲೆಗೆ ಲಕ್ಷಗಟ್ಟಲೆ ಸುರಿಯುವವರು ಈ ಹುಡುಗರನ್ನು ಒಂದು ಮಧ್ಯಾಹ್ನ ಕೂರಿಸಿ, ಅವರವರ ಭಾಷೆಯಲ್ಲಿ ಹೇಳಿಸಿ, ಒಬ್ಬೊಬ್ಬನ ಕೈಯಲ್ಲೂ ಮಾಡಿಸಬಾರದೇ? ತಾಂಡೇಲನೊಬ್ಬನಿಗೆ ಗೊತ್ತಿದ್ದರೆ ಸಾಲದು, ವಿಂಚಿಗೆ ಸಿಗುವುದು ಅವನ ಕೈಯೂ ಆಗಬಹುದು.

ಬೋಟಿನ ವಿಎಚ್‌ಎಫ್ ರೇಡಿಯೋದಲ್ಲಿ, ಆಪತ್ತಿನ ಕರೆಗಿರುವ ಚಾನೆಲ್ 16ರಲ್ಲಿ ಏನು ಹೇಳಬೇಕೆಂಬುದನ್ನೂ ಬಾಯಿಪಾಠ ಮಾಡಿಸಬೇಕು: ಬೋಟಿನ ಹೆಸರು, ನಂಬರು, ಜಿಪಿಎಸ್ ತೋರಿಸುವ ಜಾಗ, ಏನಾಗಿದೆ, ಪೆಟ್ಟಾದವನಿಗೆ ಎಚ್ಚರ ಇದೆಯೇ, ಉಸಿರಿದೆಯೇ. ಮೊಬೈಲ್ ಸಿಗುವಷ್ಟು ದಡಕ್ಕೆ ಹತ್ತಿರವಿದ್ದರೆ ಕೋಸ್ಟ್ ಗಾರ್ಡಿನ 1554. ಜೆಟ್ಟಿ ಮುಟ್ಟಿದ ಮೇಲಲ್ಲ, ಇನ್ನೂ ಬರುತ್ತಿರುವಾಗಲೇ 108ಕ್ಕೆ ಫೋನು, ಯಾವ ಜೆಟ್ಟಿ ಎಂದು ಹೆಸರು ಹೇಳಿ.

ಪೆಟ್ಟಿಗೆ ಬೀಗವಿಲ್ಲದೆ ಚುಕ್ಕಾಣಿಯ ಪಕ್ಕದಲ್ಲಿ, ನೀರು ಹೊಗದ ಪ್ಲಾಸ್ಟಿಕ್ ಡಬ್ಬಿಯಲ್ಲಿರಲಿ. ಗಾಜ್ ಪಟ್ಟಿ, ಅಗಲದ ಬಟ್ಟೆಪಟ್ಟಿ, ಕತ್ತರಿ, ಕೈಗವಸು, 21 ಗ್ರಾಮಿನ ಓಆರ್‌ಎಸ್ ಪೊಟ್ಟಣಗಳು, ಹೊತ್ತು ಬರೆಯಲು ಮಾರ್ಕರ್ ಪೆನ್ನು. ಜೊತೆಗೆ ದೊಡ್ಡದೊಂದು, ಚಿಕ್ಕದೊಂದು ಜಿಪ್ ಇರುವ ಪ್ಲಾಸ್ಟಿಕ್ ಚೀಲ. ಐಸು ಹೇಗೂ ಬೋಟಿನಲ್ಲಿ ಇದ್ದೇ ಇರುತ್ತದೆ.