ಶೇಕಡಾ 40ರ ನಗು

ತಿದ್ದಲು ಬಂದ ಚಿತ್ರ ತೆರೆದ ಕೂಡಲೇ ನಾನು ಮೊದಲು ನೋಡುವುದು ಕಣ್ಣಿನ ಪಾಪೆಯನ್ನು. ಕೆಲಸಕ್ಕೆ ಇದರಿಂದ ಏನೂ ಆಗಬೇಕಾಗಿಲ್ಲ, ಬರೀ ಚಟ. ಮುಖದ ಹತ್ತಿರದ ಚಿತ್ರವನ್ನು ಪರದೆಯ ಮೇಲೆ ಮೂರು ನಾಲ್ಕು ಪಟ್ಟು ಹಿಗ್ಗಿಸಿದರೆ ಪಾಪೆಯೊಳಗೆ ಇಡೀ ಸ್ಟುಡಿಯೊ ಪುಟ್ಟದಾಗಿ ಕುಳಿತಿರುತ್ತದೆ. ಮೇಲ್ಗಡೆ ಎಂಟು ಮೂಲೆಯ ಬೆಳಕಿನ ಪೆಟ್ಟಿಗೆ, ಕೆಳಗಡೆ ಬೆಳಕನ್ನು ಗಲ್ಲಕ್ಕೆ ತಿರುಗಿಸಲು ಹಿಡಿದ ಬಿಳಿ ಹಲಗೆ, ನಡುವೆ ಕ್ಯಾಮೆರಾದ ಹಿಂದೆ ಬಗ್ಗಿ ನಿಂತ ಛಾಯಾಗ್ರಾಹಕನ ಕಪ್ಪು ಆಕೃತಿ. ಆ ದಿನ ಬಂದ ಚಿತ್ರದಲ್ಲಿ ಅವನ ಒಂದು ಮೊಣಕೈ ಮುರಿದ ರೆಕ್ಕೆಯ ಹಾಗೆ ಹೊರಗೆ ಚಾಚಿಕೊಂಡಿತ್ತು.

ಅದು ಮುಖಕ್ಕೆ ಹಚ್ಚುವ ಕ್ರೀಮಿನ ಜಾಹೀರಾತು. ರೂಪದರ್ಶಿಗೆ ಮೂವತ್ತೈದರ ಆಸುಪಾಸು. ಕೆನ್ನೆಗೆ ಎರಡು ಬೆರಳು ತಾಗಿಸಿಕೊಂಡು ನಗುತ್ತಿದ್ದರು. ಚಿತ್ರದ ಜೊತೆಗೆ ಜಾಹೀರಾತು ಸಂಸ್ಥೆಯವರು ಕೆಂಪು ಶಾಯಿಯಲ್ಲಿ ಗುರುತು ಹಾಕಿದ ಒಂದು ಪ್ರತಿಯನ್ನೂ ಕಳುಹಿಸಿದ್ದರು. ಎಣಿಸಿದೆ, ಹದಿನೇಳು ಗುರುತು. ಮೂಗಿನ ಬದಿಯ ಕೆಂಪು, ಹಣೆಯ ಎರಡು ಮೊಡವೆ, ತುಟಿಯ ಒಡಕು, ಹಾರಾಡುವ ಕೂದಲು. ಇವೆಲ್ಲ ಹೇಳದೇ ಇದ್ದರೂ ಮಾಡುವಂಥವು. ಹದಿನಾರನೆಯದು ಗಲ್ಲದ ಮೇಲಿನ ಹಳೆಯ ಗಾಯದ ಗುರುತು. ಹದಿನೇಳನೆಯದರಲ್ಲಿ ಎರಡೂ ಕಣ್ಣುಗಳ ಅಂಚಿಗೆ ಸುತ್ತು ಹಾಕಿ ಬರೆದಿದ್ದರು: ‘ಗೆರೆಗಳು. ಪೂರ್ತಿ ತೆಗೆಯಿರಿ.’

ನನಗೆ ಈ ಕೆಲಸ ಕಲಿಸಿದವರು ಗಾಜಿನ ಫಲಕದ ಮೇಲೆ ಚಿತ್ರ ತೆಗೆಯುತ್ತಿದ್ದ ಕಾಲದವರಲ್ಲದಿದ್ದರೂ ಫಿಲ್ಮಿನ ಕಾಲದವರು. ನೆಗೆಟಿವ್ ಮೇಲೆ ಪೆನ್ಸಿಲ್‌ನಿಂದಲೇ ಮುಖ ತಿದ್ದುತ್ತಿದ್ದರು. ನೆಗೆಟಿವ್‌ನಲ್ಲಿ ಎಲ್ಲವೂ ತಿರುವುಮುರುವು ತಾನೆ. ಮುಖದ ಮೇಲೆ ಕಪ್ಪಗಿರುವ ಸುಕ್ಕು ಅಲ್ಲಿ ತೆಳ್ಳಗೆ, ಪಾರದರ್ಶಕವಾಗಿ ಕಾಣಿಸುತ್ತದೆ. ಆ ತೆಳುವಿನ ಮೇಲೆ ಸೀಸದ ಮೊನೆಯನ್ನು ಸೂಜಿಯಷ್ಟು ಚೂಪು ಮಾಡಿ ಇಷ್ಟಿಷ್ಟೇ ತೀಡಿದರೆ ಮುದ್ರಣದಲ್ಲಿ ಸುಕ್ಕು ತಿಳಿಯಾಗುತ್ತದೆ. ಸುಕ್ಕನ್ನು ಅಳಿಸುವುದಕ್ಕೆ ಅವರು ಬರೆಯಬೇಕಾಗಿತ್ತು! ಹೆಚ್ಚು ಬರೆದರೆ ಮುಖದ ಮೇಲೆ ಬಿಳಿ ಬೊಟ್ಟು ಏಳುತ್ತಿತ್ತು, ಅದನ್ನು ಮತ್ತೆ ಕೆರೆದು ತೆಗೆಯಬೇಕು. ಹಾಗಾಗಿ ಅವರ ಕೈ ಲೋಭಿಯ ಕೈ. ಅವರು ಹೇಳಿಕೊಟ್ಟದ್ದು ಒಂದೇ ಕಟ್ಟಳೆ: ‘ವಾರದಲ್ಲಿ ತಾನಾಗಿಯೇ ಹೋಗುವುದನ್ನು ಕೇಳದೆ ತೆಗೆ. ಸಾಯುವವರೆಗೂ ಇರುವುದನ್ನು ಕೇಳಿ ತೆಗೆ.’

ಮೊಡವೆ ವಾರದ್ದು. ಗಲ್ಲದ ಗುರುತು ಸಾಯುವವರೆಗಿನದು. ಆದ್ದರಿಂದ ಛಾಯಾಗ್ರಾಹಕನಿಗೆ ಫೋನ್ ಮಾಡಿದೆ. ಅವನು ರೂಪದರ್ಶಿಯನ್ನು ವಿಚಾರಿಸಿ ಅರ್ಧ ಗಂಟೆಯಲ್ಲಿ ತಿಳಿಸಿದ: ‘ಇರಲಿ ಅಂದರು. ಚಿಕ್ಕಂದಿನಲ್ಲಿ ಬಿದ್ದದ್ದಂತೆ.’ ಜಾಹೀರಾತು ಸಂಸ್ಥೆಯ ಕಲಾ ನಿರ್ದೇಶಕಿಗೆ ಆ ಮಾತನ್ನು ದಾಟಿಸಿದೆ. ‘ನಾವು ಮಾರುತ್ತಿರುವುದು ಕ್ರೀಮು’ ಎಂದರು ಅವರು. ಮಾತು ಅಲ್ಲಿಗೆ ಮುಗಿಯಿತು. ‘ಗಲ್ಲ’ ಎಂದು ಹೆಸರಿಟ್ಟು ಚಿತ್ರದ ಮೇಲೆ ಹೊದಿಸುವ ಬೇರೆಯೇ ಒಂದು ಪದರ, ಅಂದರೆ ಲೇಯರ್ ಮಾಡಿ, ಗುರುತನ್ನು ಅದರಡಿ ಮುಚ್ಚಿದೆ.

ಮೊದಲ ಎರಡು ಗಂಟೆ ಹೀಲಿಂಗ್ ಬ್ರಷ್‌ನದು. 2002ರಲ್ಲಿ ಫೋಟೋಶಾಪ್‌ನ ಏಳನೆಯ ಆವೃತ್ತಿಯೊಂದಿಗೆ ಬಂದ ಈ ಬ್ರಷ್ ನಮ್ಮ ಕಸುಬಿನ ಅರ್ಧ ಬೆವರನ್ನು ಒರೆಸಿಬಿಟ್ಟಿತು. ಅದಕ್ಕೂ ಮೊದಲು ಪಕ್ಕದ ಚರ್ಮವನ್ನು ಇದ್ದ ಹಾಗೆಯೇ ನಕಲು ಮಾಡಿ ತೇಪೆ ಹಾಕಬೇಕಾಗಿತ್ತು. ಬಣ್ಣ ಒಂದಿಷ್ಟು ಆಚೀಚೆಯಾದರೂ ತೇಪೆ ಎದ್ದು ಕಾಣುತ್ತಿತ್ತು. ಈ ಬ್ರಷ್ ಹಾಗಲ್ಲ. ನಾವು ತೋರಿಸಿದ ಜಾಗದಿಂದ ಚರ್ಮದ ನೇಯ್ಗೆಯನ್ನಷ್ಟೇ ತಂದು, ಬಣ್ಣವನ್ನೂ ಬೆಳಕನ್ನೂ ಮೊಡವೆಯಿದ್ದ ಜಾಗದ ಸುತ್ತಲಿನಿಂದಲೇ ಹೊಂದಿಸಿಕೊಳ್ಳುತ್ತದೆ. ಹಣೆಯ ರಂಧ್ರ ಕೆನ್ನೆಗೆ ಬರದಂತೆ ನೋಡಿಕೊಳ್ಳುವುದು ಮಾತ್ರ ನಮ್ಮ ಪಾಲಿನದು. ರಂಧ್ರಗಳಿಗೂ ಊರುಕೇರಿಗಳಿವೆ. ಮೂಗಿನ ಪಕ್ಕದವು ದುಂಡಗೆ, ಆಳ. ಕೆನ್ನೆಯವು ಓರೆಯಾಗಿ ಎಳೆದಂತೆ. ಕಣ್ಣ ಕೆಳಗೆ ಹುಡುಕಬೇಕಾದಷ್ಟು ಸಣ್ಣವು. ಒಂದು ಕೇರಿಯದು ಇನ್ನೊಂದು ಕೇರಿಗೆ ಬಂದರೆ ನೋಡುವವನಿಗೆ ಏನು ತಪ್ಪಾಗಿದೆ ಎಂದು ಹೇಳಲು ಬರುವುದಿಲ್ಲ, ಆದರೆ ಏನೋ ತಪ್ಪಾಗಿದೆ ಎಂದು ತಿಳಿದುಬಿಡುತ್ತದೆ.

ಚರ್ಮವನ್ನು ಒಂದೇ ಸಲ ಮಸುಕು ಮಾಡಿ ನುಣುಪು ತರುವ ದಾರಿಯೂ ಇದೆ. ಫೋನಿನ ಸೌಂದರ್ಯದ ಆ್ಯಪ್‌ಗಳು ಮಾಡುವುದು ಬಹುತೇಕ ಅದನ್ನೇ. ಹಾಗೆ ಮಾಡಿದ ಮುಖ ಸೋಪಿನ ಬಿಲ್ಲೆಯ ಹಾಗೆ ಕಾಣುತ್ತದೆ, ನನಗೆ ಆಗದು. ನಾನು ನಂಬುವುದು ಡಾಡ್ಜ್ ಮತ್ತು ಬರ್ನ್ ಅನ್ನು. ಫಿಲ್ಮಿನ ಕಾಲದಲ್ಲಿ ಚಿತ್ರ ಮುದ್ರಿಸುತ್ತಿದ್ದ ಕತ್ತಲೆ ಕೋಣೆಯಿಂದ ಬಂದ ಹೆಸರುಗಳು ಇವು: ಕಾಗದದ ಮೇಲೆ ಬೀಳುವ ಬೆಳಕನ್ನು ಕಡ್ಡಿಗೆ ಸಿಕ್ಕಿಸಿದ ಬಿಲ್ಲೆಯಿಂದ ತಡೆದರೆ ಆ ಭಾಗ ತಿಳಿಯಾಗುತ್ತಿತ್ತು, ಕೈಮುಷ್ಟಿಯ ಸಂದಿಯಿಂದ ಹೆಚ್ಚು ಬೆಳಕು ಬಿಟ್ಟರೆ ಕಪ್ಪಾಗುತ್ತಿತ್ತು. ಫೋಟೋಶಾಪ್‌ನ ಗುಂಡಿಗಳ ಮೇಲೆ ಇಂದಿಗೂ ಆ ಕಡ್ಡಿ, ಆ ಕೈ ಚಿತ್ರವಾಗಿ ಉಳಿದಿವೆ. ಬ್ರಷ್‌ನ ಬಲವನ್ನು ಶೇಕಡಾ ಎರಡು ಮೂರಕ್ಕೆ ಇಳಿಸಿ, ಕಪ್ಪಿದ್ದಲ್ಲಿ ಕೂದಲೆಳೆಯಷ್ಟು ಬೆಳಕು, ಬೆಳಕಿದ್ದಲ್ಲಿ ಕೂದಲೆಳೆಯಷ್ಟು ಕಪ್ಪು. ಒಂದು ರಂಧ್ರವೂ ಅಳಿಯುವುದಿಲ್ಲ, ಏರುತಗ್ಗು ಮಾತ್ರ ಸಮವಾಗುತ್ತದೆ. ಒಂದು ಕೆನ್ನೆಗೆ ನಲವತ್ತು ನಿಮಿಷ ಹಿಡಿಯಿತು. ಹೊರಗಿನವರು ಪಕ್ಕದಲ್ಲಿ ಕುಳಿತು ನೋಡಿದರೆ ಇವನು ಏನೂ ಮಾಡುತ್ತಿಲ್ಲ ಎಂದುಕೊಂಡು ಎದ್ದು ಹೋಗುತ್ತಾರೆ.

ಹದಿನೇಳನೆಯ ಗುರುತನ್ನು ಕೊನೆಗೆ ಇಟ್ಟುಕೊಂಡಿದ್ದೆ. ಎಡಗಣ್ಣಿನ ಅಂಚಿನಲ್ಲಿ ನಾಲ್ಕು ಗೆರೆ, ಬಲಗಣ್ಣಿನಲ್ಲಿ ಮೂರು ಮತ್ತೊಂದು ಅರ್ಧ. ಕೆಳರೆಪ್ಪೆಯಡಿ ಸಣ್ಣ ಉಬ್ಬು. ಪೂರ್ತಿ ತೆಗೆಯಿರಿ ಎಂದಿದ್ದರು, ಪೂರ್ತಿ ತೆಗೆದೆ. ಅಚ್ಚುಕಟ್ಟಾಗಿಯೇ ತೆಗೆದೆ ಎಂದು ಈಗಲೂ ಹೇಳುತ್ತೇನೆ. ಕಳುಹಿಸಿ ಕುರ್ಚಿಗೆ ಒರಗಿದೆ.

ಸಂಜೆ ಕಲಾ ನಿರ್ದೇಶಕಿಯ ಫೋನ್ ಬಂತು. ‘ಚರ್ಮ ಬಹಳ ಚೆನ್ನಾಗಿದೆ. ಆದರೆ ನಗು ಯಾಕೋ ಬಲವಂತದ್ದು ಅನ್ನಿಸುತ್ತದೆ. ಹುಡುಗಿ ಸರಿಯಾಗಿ ನಕ್ಕಿಲ್ಲ. ಬೇರೆ ಚಿತ್ರ ಇದೆಯೇ, ನೋಡಿ.’

ಹುಡುಗಿ ಸರಿಯಾಗಿಯೇ ನಕ್ಕಿದ್ದರು. ಮೂಲ ಚಿತ್ರವನ್ನೂ ತಿದ್ದಿದ ಚಿತ್ರವನ್ನೂ ಅಕ್ಕಪಕ್ಕ ಇಟ್ಟೆ. ತುಟಿಗಳನ್ನು ನಾನು ಎಳ್ಳಷ್ಟೂ ಕದಲಿಸಿರಲಿಲ್ಲ; ಅದೇ ಬಾಯಿ, ಅದೇ ಹಲ್ಲಿನ ಸಾಲು. ಆದರೆ ಒಂದರಲ್ಲಿ ಅವರು ನಗುತ್ತಿದ್ದರು, ಇನ್ನೊಂದರಲ್ಲಿ ಹಲ್ಲು ತೋರಿಸುತ್ತಿದ್ದರು. ಡುಶೆನ್ ಎಂಬ ಫ್ರೆಂಚ್ ವೈದ್ಯ 1862ರಲ್ಲೇ ಇದನ್ನು ಬರೆದಿಟ್ಟಿದ್ದಾನೆ: ತುಟಿಯಂಚನ್ನು ಮೇಲೆತ್ತುವ ಸ್ನಾಯು ನಾವು ಹೇಳಿದಂತೆ ಕೇಳುತ್ತದೆ, ಕಣ್ಣಿನ ಸುತ್ತಲಿನ ಸ್ನಾಯು ನಿಜವಾದ ಸಂತೋಷಕ್ಕೆ ಮಾತ್ರ ಕೇಳುತ್ತದೆ ಎಂದು. ಓದಿ ತಿಳಿದಿದ್ದೆ. ಕೈಗೆ ತಿಳಿದಿರಲಿಲ್ಲ. ನಗುವಿನ ಪುರಾವೆಯನ್ನೆಲ್ಲ ನಾನೇ ಕೆನ್ನೆಯ ಚರ್ಮ ತಂದು ಮುಚ್ಚಿಹಾಕಿ, ನಗದ ಅಪವಾದವನ್ನು ಆ ಹೆಂಗಸಿನ ತಲೆಗೆ ಕಟ್ಟಿದ್ದೆ.

ಬೇರೆ ಚಿತ್ರವನ್ನು ಹುಡುಕಲು ಹೋಗಲಿಲ್ಲ. ಕಣ್ಣಿನ ಗೆರೆ ಮುಚ್ಚಿದ್ದ ಲೇಯರ್‌ನ ದಟ್ಟಣೆಯನ್ನು ನೂರರಿಂದ ನಿಧಾನವಾಗಿ ಇಳಿಸತೊಡಗಿದೆ. ತೊಂಬತ್ತರಲ್ಲಿ ಏನೂ ಇಲ್ಲ. ಎಂಬತ್ತರಲ್ಲಿ ಕಣ್ಣು ನೀರು ಕುಡಿದ ಗಿಡದ ಹಾಗೆ ಚೂರು ಚೇತರಿಸಿಕೊಂಡಿತು. ಅರವತ್ತಕ್ಕೆ ಬಂದಾಗ ನಾನೇ ತಿಳಿಯದೆ ಮುಗುಳ್ನಕ್ಕಿದ್ದೆ, ಅಲ್ಲಿಗೆ ನಿಲ್ಲಿಸಿದೆ. ಅಂದರೆ ಶೇಕಡಾ ನಲವತ್ತರಷ್ಟು ಗೆರೆ ವಾಪಸ್ಸು ಬಂದಿತ್ತು. ಕಡತಕ್ಕೆ ಹೊಸ ಹೆಸರು ಕೊಟ್ಟು, ಏನೂ ಬರೆಯದೆ ಕಳುಹಿಸಿದೆ.

ಹತ್ತು ನಿಮಿಷದಲ್ಲಿ ಉತ್ತರ: ‘ಇದೇ ಚಿತ್ರ! ಮೊದಲೇ ಇದನ್ನು ಕಳುಹಿಸಬಾರದಿತ್ತೇ?’

ನಾನು ಬಾಯಿ ಬಿಡಲಿಲ್ಲ. ಹೇಳಿದ್ದರೆ ‘ಗೆರೆಗಳಿವೆ ಎಂದು ಗೊತ್ತಾದ ಮೇಲೆ ಕಾಣತೊಡಗಿದವು’ ಎಂದು ಮತ್ತೆ ಕೆಂಪು ಶಾಯಿ ಹಿಡಿಯುತ್ತಿದ್ದರು. ಇದು ಜಾಣತನವೋ ಹೇಡಿತನವೋ, ಎರಡಕ್ಕೂ ಸಂಬಳ ಒಂದೇ.

ಆದರೆ ಹೊಟ್ಟೆಯೊಳಗಿನ ಕಸಿವಿಸಿ ನಗುವಿನದಾಗಿರಲಿಲ್ಲ. ಪುಟದ ಬಲಗಡೆ ಕ್ರೀಮಿನ ಡಬ್ಬಿ ಬಂದು ಕುಳಿತಾಗ ಶುರುವಾದದ್ದು. ಮೊಡವೆಯೊಂದನ್ನು ತೆಗೆದದ್ದಕ್ಕೆ ನನಗೆ ನಾಚಿಕೆಯಿಲ್ಲ. ಆ ವಾರದ ಮುಖ ಮುಂದಿನ ವಾರ ಆಗಲಿದ್ದದ್ದೇ ಅದು. ಆದರೆ ನನ್ನ ಏಳು ಗಂಟೆಯ ಕೈಕೆಲಸದ ಪಕ್ಕದಲ್ಲಿ ಡಬ್ಬಿ ನಿಂತು ‘ಇದು ನನ್ನಿಂದ’ ಎನ್ನುತ್ತದಲ್ಲ, ಅದಕ್ಕೆ ಏನು ಹೇಳುವುದು? 2011ರಲ್ಲಿ ಬ್ರಿಟನ್ನಿನ ಜಾಹೀರಾತು ನಿಗಾ ಸಂಸ್ಥೆ ಇಂಥದೇ ಎರಡು ಜಾಹೀರಾತುಗಳನ್ನು ನಿಲ್ಲಿಸಿತು, ಒಂದರಲ್ಲಿ ಇದ್ದವರು ನಟಿ ಜೂಲಿಯಾ ರಾಬರ್ಟ್ಸ್. ಮುಖದ ಆ ಕಾಂತಿಯಲ್ಲಿ ಪ್ರಸಾಧನದ ಪಾಲೆಷ್ಟು, ತಿದ್ದುಪಡಿಯ ಪಾಲೆಷ್ಟು ಎಂಬುದಕ್ಕೆ ಕಂಪನಿ ಕೊಟ್ಟ ಪುರಾವೆ ಸಾಲಲಿಲ್ಲ. ಫ್ರಾನ್ಸಿನಲ್ಲಿ 2017ರ ಅಕ್ಟೋಬರ್‌ನಿಂದ ರೂಪದರ್ಶಿಯ ದೇಹವನ್ನು ತೆಳ್ಳಗೆ ಅಥವಾ ದಪ್ಪಗೆ ಮಾಡಿದರೆ ‘ತಿದ್ದಿದ ಚಿತ್ರ’ ಎಂದು ಜಾಹೀರಾತಿನಲ್ಲಿ ಬರೆಯಲೇಬೇಕು. ಅಂದರೆ ಸೊಂಟಕ್ಕೆ ಚೀಟಿ ಉಂಟು. ಚರ್ಮವನ್ನಷ್ಟೇ ತಿದ್ದಿದ ನನ್ನಂಥವನು ಸಲೀಸಾಗಿ ಪಾರು. 2022ರಲ್ಲಿ ಜಾರಿಗೆ ಬಂದ ನಾರ್ವೆಯ ಕಾನೂನು ಚರ್ಮವನ್ನೂ ಸೇರಿಸಿಕೊಂಡಿತು. ಅದನ್ನು ಓದಿದಾಗ, ಯಾರೋ ಕೊನೆಗೆ ನಮ್ಮ ಕೋಣೆಯ ಬಾಗಿಲು ತಟ್ಟಿದರು ಅನ್ನಿಸಿತ್ತು.

ಮುದ್ರಣಕ್ಕೆ ಬಣ್ಣ ಹೊಂದಿಸಿ ಕೊಟ್ಟದ್ದು ಮಾರನೆಯ ದಿನ. ಅದರಲ್ಲಿ ಹೇಳುವಂಥದ್ದೇನೂ ಇಲ್ಲ. ಹೇಳುವಂಥದ್ದು ಕಡತವನ್ನು ಎತ್ತಿಡುವಾಗಿನದು. ಕೆಲಸ ಮುಗಿದ ಮೇಲೆ ಲೇಯರ್‌ಗಳನ್ನು ಬೆಸೆಯದೆ ಹಾಗೆಯೇ ಉಳಿಸುತ್ತೇವೆ. ಪ್ರತಿ ಲೇಯರ್‌ನ ಪಕ್ಕದಲ್ಲಿ ಪುಟ್ಟ ಕಣ್ಣಿನ ಚಿತ್ರವಿರುತ್ತದೆ. ಒತ್ತಿದರೆ ಆ ಕಣ್ಣು ಮುಚ್ಚಿ ಲೇಯರ್ ಮರೆಯಾಗುತ್ತದೆ. ‘ಗಲ್ಲ’ದ ಕಣ್ಣು ಮುಚ್ಚಿದೆ. ಅಕ್ಕಿಕಾಳಿನಷ್ಟು ಉದ್ದದ, ಒಂದು ತುದಿಯಲ್ಲಿ ಚೂರು ಬಾಗಿದ ಗಾಯದ ಗುರುತು ಬಂದು ಕುಳಿತಿತು. ಸುತ್ತಲಿನ ಚರ್ಮಕ್ಕಿಂತ ಒಂದು ಪಾಲು ತಿಳಿ, ಅದರ ಮೇಲೆ ರಂಧ್ರಗಳಿರಲಿಲ್ಲ. ಸ್ವಲ್ಪ ಹೊತ್ತು ನೋಡಿದೆ. ಮತ್ತೆ ಕಣ್ಣು ತೆರೆಸಿದೆ, ಗುರುತು ಹೋಯಿತು. ಉಳಿಸಿ ಮುಚ್ಚುವ ಮುನ್ನ ಚಟಕ್ಕೆ ಒಮ್ಮೆ ಪಾಪೆಯನ್ನು ಹಿಗ್ಗಿಸಿದೆ. ಹದಿನೇಳು ಗುರುತು ಹಾಕಿದವರಲ್ಲಿ ಯಾರೂ ಅಲ್ಲಿಯವರೆಗೆ ಹೋಗಿರಲಿಲ್ಲ. ಛಾಯಾಗ್ರಾಹಕ ಮೊಣಕೈ ಚಾಚಿಕೊಂಡು ನಿಂತೇ ಇದ್ದ.