ಕೊನೆಯ ಸಾಲು ನೋಡಿ ಕೆಟ್ಟೆ

ಕೊಡಗಿನ ಸಿದ್ದಾಪುರದ ಹತ್ತಿರ ಒಂದು ಕಾಫಿ ತೋಟ. ಫೆಬ್ರವರಿ, ರೊಬಸ್ಟಾ ಕಾಫಿ ಕುಯ್ಲಿನ ಸಮಯ. ಕಾರ್ಮಿಕರ ಲೈನ್ ಮನೆಗಳ ಹಿಂದಿನ ಕೆರೆಗೆ ರಾತ್ರಿ ಆನೆಗಳು ನೀರಿಗೆ ಬರುತ್ತವೆ. ಅಲ್ಲಿ ನಾವು ಹಾಕಿದ ಕ್ಯಾಮೆರಾ ಆನೆ ಕಂಡರೆ ತೋಟದ ಕೆಲಸ ನೋಡಿಕೊಳ್ಳುವ ರೈಟರ್ ಮೊಬೈಲಿಗೆ ಮೆಸೇಜ್ ಕಳಿಸುತ್ತದೆ. ಬೆಳಿಗ್ಗೆ ಜನರನ್ನು ಯಾವ ಕಡೆ ಕಳಿಸಬೇಕು ಅಂತ ಅವರು ಅದನ್ನು ನೋಡಿಯೇ ಹೇಳುವುದು.

ವಿಡಿಯೊ ಆಗಾಗ ನಿಂತುಹೋಗುತ್ತಿತ್ತು. ವಿಡಿಯೊ ಸಾಗಿಸುವ ಜಿಸ್ಟ್ರೀಮರ್ ಅನ್ನುವ ಸಾಫ್ಟ್‌ವೇರ್ ಬಳಸಿ ನೋಡೋಣ ಅಂದುಕೊಂಡೆ. ಚಿತ್ರ ನೋಡಿ ಆನೆ ಗುರುತಿಸಲು ನಾವು ಬಳಸುವುದು ಓಪನ್‌ಸಿವಿ ಅನ್ನುವ ಸಾಫ್ಟ್‌ವೇರ್. ಪಿಪ್‌ನಲ್ಲಿ (ಪೈಥಾನ್ ಸಾಫ್ಟ್‌ವೇರ್ ಇಳಿಸಿಕೊಳ್ಳುವ ಸಾಧನ) ಸಿದ್ಧವಾಗಿ ಸಿಗುವ ಓಪನ್‌ಸಿವಿಯಲ್ಲಿ ಜಿಸ್ಟ್ರೀಮರ್ ಇರುವುದಿಲ್ಲ, ಸೋರ್ಸ್‌ನಿಂದ ಕಂಪೈಲ್ ಮಾಡಬೇಕು, ಅಂದರೆ ಮೂಲ ಕೋಡಿನಿಂದ ನಾವೇ ಕಟ್ಟಬೇಕು. ಕ್ಯಾಮೆರಾ ಬಾಕ್ಸಿನಲ್ಲಿದ್ದದ್ದು ರಾಸ್ಪ್‌ಬೆರಿ ಪೈ 3 ಅನ್ನುವ ಪುಟ್ಟ ಕಂಪ್ಯೂಟರ್, 1 ಜಿಬಿ ರ್‍ಯಾಮ್. ಬಿಲ್ಡ್‌ಗೆ, ಅಂದರೆ ಕಂಪೈಲ್ ಮಾಡುವುದಕ್ಕೆ, ಬೇರೆ ಮೆಷಿನ್ ಕೊಡಿ ಅಂತ ಆಫೀಸಿನಲ್ಲಿ ಎರಡು ಸಲ ಕೇಳಿದ್ದೆ. ‘ಸೈಟಿನಲ್ಲೇ ಮುಗಿಸಿ ಬಾ’ ಅಂದಿದ್ದರು.

ಬೆಳಿಗ್ಗೆ ಹಳೆಯ ಓಪನ್‌ಸಿವಿ ತೆಗೆದುಹಾಕಿದೆ. ಹೊಸದು ಸಿದ್ಧವಾಗುವ ತನಕ ಕ್ಯಾಮೆರಾದಿಂದ ಮೆಸೇಜ್ ಬರುವುದಿಲ್ಲ. ‘ಸಂಜೆಯೊಳಗೆ ಆಗುತ್ತೆ ಸಾರ್’ ಅಂತ ರೈಟರ್‌ಗೆ ಹೇಳಿದೆ. ಮೇಕ್ ಜೆ4 ಕೊಟ್ಟೆ, ನಾಲ್ಕು ಕೆಲಸ ಒಟ್ಟಿಗೆ ನಡೆಸಿ ಕಂಪೈಲ್ ಮಾಡು ಅನ್ನುವ ಆಜ್ಞೆ. ಅರ್ಧ ದಾಟಿದ ಮೇಲೆ ನಿಂತಿತು. ಕೊನೆಯ ಸಾಲಿನಲ್ಲಿ ‘ಎರರ್ 2’. ವರ್ಷನ್ ಸಮಸ್ಯೆ ಅಂತ ನಾನೇ ತೀರ್ಮಾನ ಮಾಡಿದೆ. ಬಿಲ್ಡ್ ಫೋಲ್ಡರ್ ಅಳಿಸಿ, ಹಳೆಯ ವರ್ಷನ್ ಡೌನ್‌ಲೋಡ್ ಮಾಡಲು ಸಿಗ್ನಲ್ ಹುಡುಕಿಕೊಂಡು ಕಾಫಿ ಒಣಗಿಸುವ ಕಣದ ತನಕ ನಡೆದೆ. ಅದೂ ಅರ್ಧದಲ್ಲೇ ನಿಂತಿತು. ಇಡೀ ದಿನ ಹೋಯಿತು.

ರಾತ್ರಿ ಒಂಬತ್ತಕ್ಕೆ ಮೈಸೂರಿನ ಸಹೋದ್ಯೋಗಿಗೆ ಫೋನ್ ಮಾಡಿದೆ. ‘ಕೊನೇ ಸಾಲು ಬಿಡು ಮಾರಾಯ. ಮೇಲೆ ಹೋಗಿ ಮೊದಲನೇ ಎರರ್ ಓದು’ ಅಂದ. ನಾಲ್ಕು ಕೆಲಸ ಒಟ್ಟಿಗೆ ಓಡುವಾಗ ಸಾಲುಗಳು ಕಲೆತುಹೋಗಿರುತ್ತವೆ. ಬಹಳ ಮೇಲೆ ಹೋದ ಮೇಲೆ ಸಿಕ್ಕಿತು: ‘ಕಿಲ್ಡ್’. ಸಿಸ್ಟಂ ದಾಖಲೆ ತೋರಿಸುವ ಡಿಮೆಸೇಜ್ (dmesg) ನೋಡಿದರೆ ‘ಔಟ್ ಆಫ್ ಮೆಮರಿ’. ಕೋಡಿನಲ್ಲಿ ತಪ್ಪೇ ಇರಲಿಲ್ಲ. ನಾಲ್ಕು ಕಂಪೈಲರ್‌ಗಳು 1 ಜಿಬಿಗೆ ಕಿತ್ತಾಡಿದ್ದವು, ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ ಒಂದನ್ನು ಕೊಂದಿತ್ತು. ರ್‍ಯಾಮ್ ಸಾಲದಾಗ ಕಾರ್ಡಿನಲ್ಲಿ ಬಳಸುವ ಜಾಗ, ಸ್ವಾಪ್, ಇದ್ದದ್ದು ಬರೀ 100 ಎಂಬಿ. ಅದನ್ನು 2048 ಎಂಬಿಗೆ ಏರಿಸಿ ಜೆ1ರಲ್ಲಿ, ಒಂದೊಂದೇ ಕೆಲಸವಾಗಿ, ಶುರು ಮಾಡಿದೆ. ನಿಧಾನ, ಆದರೆ ನಿಲ್ಲಲಿಲ್ಲ.

ಆವಾಗಲೇ ರೈಟರ್ ಮನೆಗೆ ಹೋಗಿ ‘ಇವತ್ತು ರಾತ್ರಿ ಕ್ಯಾಮೆರಾ ಇಲ್ಲ’ ಅಂತ ಹೇಳಬೇಕಿತ್ತು. ಬೆಳಗಾಗುವುದರೊಳಗೆ ಮುಗಿಯುತ್ತೆ ಅಂತ ಹೇಳಲಿಲ್ಲ.

ಬೆಳಿಗ್ಗೆ ಏಳೂವರೆ. ಸ್ಕ್ರೀನಿನಲ್ಲಿ 94 ಪರ್ಸೆಂಟ್. ಮೆಸೇಜ್ ಬಂದಿಲ್ಲ, ಆನೆ ಇಲ್ಲ ಅಂತ ರೈಟರ್ ಜನರನ್ನು ಕೆರೆ ಕಡೆಗೇ ಕಳಿಸಿದ್ದರು. ಹೆಂಗಸರು ಹೆಗಲ ಮೇಲೆ ಚೀಲ ಹಾಕಿಕೊಂಡು ಹೊರಟಿದ್ದರು. ನಾನು ಬಾಗಿಲಿಗೆ ಬರುವಷ್ಟರಲ್ಲಿ ಮುಂದಿದ್ದ ಮೇಸ್ತ್ರಿ ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿದರು. ದಾರಿ ಮಧ್ಯೆ ಲದ್ದಿ. ಇನ್ನೂ ಹಬೆ ಆಡುತ್ತಿತ್ತು. ಕೆಳಗಿನ ಸಾಲಿನಲ್ಲಿ ಕಾಫಿ ಗಿಡಗಳು ಅಲ್ಲಾಡಿದವು. ಗಾಳಿ ಇರಲಿಲ್ಲ. ಯಾರೂ ಮಾತಾಡಲಿಲ್ಲ. ಮಗುವನ್ನು ಎತ್ತಿಕೊಂಡಿದ್ದ ಒಬ್ಬಳು ಅದರ ಬಾಯಿಗೆ ಕೈ ಅಡ್ಡ ಹಿಡಿದಳು. ಒಂದೊಂದೇ ಹೆಜ್ಜೆ ಹಿಂದಕ್ಕೆ ಇಟ್ಟು ಎಲ್ಲರೂ ಲೈನ್ ತಲುಪಿದರು. ಆಮೇಲೆ ಅರಣ್ಯ ಇಲಾಖೆಯ ಆರ್‌ಆರ್‌ಟಿಯವರು (ತುರ್ತು ತಂಡ) ಬಂದು ಪಟಾಕಿ ಹೊಡೆದು ಓಡಿಸಿದರು. ಎರಡು ದೊಡ್ಡದು, ಒಂದು ಮರಿ.

ರೈಟರ್ ಬೈಯಲಿಲ್ಲ. ‘ರಾತ್ರಿನೇ ಹೇಳಿದ್ರೆ ಕಾವಲಿಗೆ ಇಬ್ಬರನ್ನ ಹಾಕ್ತಿದ್ದೆ ಅಲ್ವಾ ಸಾರ್’ ಅಂದರು ಅಷ್ಟೇ.

ಈಗ ಹೊಸದನ್ನು ಬೇರೆ ವೆನ್ವ್‌ನಲ್ಲಿ, ಅಂದರೆ ಹಳೆಯದಕ್ಕೆ ತಾಗದ ಪ್ರತ್ಯೇಕ ಜಾಗದಲ್ಲಿ, ಕಟ್ಟುತ್ತೇನೆ. ಅದು ಓಡುವ ತನಕ ಹಳೆಯದನ್ನು ಮುಟ್ಟುವುದಿಲ್ಲ. ಕ್ಯಾಮೆರಾ ಹತ್ತು ನಿಮಿಷ ನಿಲ್ಲಿಸುವುದಿದ್ದರೂ ಮೊದಲು ರೈಟರ್‌ಗೆ ಫೋನ್ ಮಾಡುತ್ತೇನೆ. ಬಿಲ್ಡ್ ಮೆಷಿನ್ ಇನ್ನೂ ಬಂದಿಲ್ಲ. ಮೂರನೇ ಸಲ ಕೇಳಿದ್ದೇನೆ, ಈ ಸಲ ಆ ದಾರಿಯ ಫೋಟೊ ಜೊತೆಗಿಟ್ಟು.